ಜಾಲರಿ ತಿಕ್ಕಿದ ಬ್ರಶ್ಶು

ಭಾನುವಾರ ಬೆಳಗ್ಗೆ ಗ್ರಿಲ್ಲಿನ ಜಾಲರಿ ತೊಳೆಯುವುದು ನನ್ನ ಕೆಲಸ. ಅದನ್ನು ನಾನು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ, ಶೆಟ್ಟಿಕೊಪ್ಪದ ಹತ್ತಿರ, ನಮ್ಮದು ಮೂರು ಕೋಣೆಗಳ ಹೋಂಸ್ಟೇ. ಶನಿವಾರ ಬಂದಿಳಿದವರಿಗೆ ಸಂಜೆ ಬಾರ್ಬೆಕ್ಯೂ ಆಗಲೇಬೇಕು. ಶೃಂಗೇರಿಗೆ ಹೋಗುವಾಗ ತಿಂಡಿಗೆ ಈರುಳ್ಳಿ ಕೂಡ ಬೇಡ ಅನ್ನುವ ಮಹಾನುಭಾವರು ದರ್ಶನ ಮುಗಿಸಿ ಬಂದ ಮೇಲೆ ಲೆಗ್ ಪೀಸ್ ಇದೆಯಾ ಎಂದು ಕೇಳುತ್ತಾರೆ. ಕೇಳಲಿ, ನನಗೇನು.

ತೊಳೆಯುವ ಕ್ರಮ ಹೀಗೆ. ಮೊದಲು ಉಳಿದ ಇದ್ದಿಲಿಗೆ ಮತ್ತೆ ಬೆಂಕಿ ಹಾಕಿ ಜಾಲರಿಯನ್ನು ಕಾಲು ಗಂಟೆ ಖಾಲಿ ಕಾಯಿಸುತ್ತೇನೆ. ಅಂಟಿದ ಮಸಾಲೆ, ಕೊಬ್ಬು ಎಲ್ಲ ಸುಟ್ಟು ಪುಡಿಯಾಗುತ್ತದೆ. ಬಿಸಿ ಇರುವಾಗಲೇ ಉದ್ದನೆಯ ಫೋರ್ಕಿಗೆ ಅರ್ಧ ಈರುಳ್ಳಿ ಚುಚ್ಚಿ, ಕತ್ತರಿಸಿದ ಕಡೆಯಿಂದ ಒಂದೊಂದು ಸರಳನ್ನೂ ಉಜ್ಜುತ್ತೇನೆ. ಈರುಳ್ಳಿಯ ರಸ ಚುಂಯ್ ಎಂದು ಮಸಿಯನ್ನು ಎಬ್ಬಿಸುತ್ತದೆ. ಆಮೇಲೆ ಜಾಲರಿ ಪೂರ್ತಿ ಆರುವವರೆಗೆ ಮುಟ್ಟುವುದಿಲ್ಲ. ಆರಿದ ಮೇಲೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ರಬ್ಬರ್ ಗ್ಲೌಸ್ ಹಾಕಿಕೊಂಡು, ಅದರಲ್ಲಿ ಮುಳುಗಿಸಿ, ತೆಂಗಿನ ನಾರು ಮತ್ತು ಬೂದಿಯಿಂದ ತಿಕ್ಕುತ್ತೇನೆ. ಎರಡು ಸಲ ತೊಳೆದು, ಒಂದು ಬಿಳಿ ಪಂಚೆಯ ತುಂಡಿನಿಂದ ಪ್ರತಿ ಸರಳಿನ ಮೇಲೆ, ಕೆಳಗೆ, ಸರಳು ಸರಳು ಕೂಡುವ ವೆಲ್ಡಿಂಗ್ ಜಾಗದಲ್ಲಿ ಒರೆಸುತ್ತೇನೆ. ಬಟ್ಟೆಯ ಒಂದು ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೇ ನಿಲ್ಲಿಸಿ ಟಾರ್ಚ್ ಹಾಕಿ ನೋಡುತ್ತೇನೆ. ಬಿಸಿಲಿಗಿಟ್ಟು ಮತ್ತೊಮ್ಮೆ ನೋಡುತ್ತೇನೆ. ಇಷ್ಟಕ್ಕೆಲ್ಲ ಒಂದೂವರೆ ಗಂಟೆ ಹಿಡಿಯುತ್ತದೆ.

ಮೊನ್ನೆ ಒಬ್ಬ ಗೆಸ್ಟ್, ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದವನು, "ಆಂಟಿ, ಇದಕ್ಕೆ ಅಂತಲೇ ತಂತಿ ಬ್ರಶ್ ಬರುತ್ತೆ, ಎರಡು ನಿಮಿಷದ ಕೆಲಸ. ಆನ್‌ಲೈನಲ್ಲಿ ತರಿಸ್ಕೊಡ್ಲಾ?" ಎಂದ. ಒಳ್ಳೆಯ ಹುಡುಗ. "ಗೊತ್ತಪ್ಪ, ಬೇಡ," ಎಂದೆ. ಅದಕ್ಕಿಂತ ಹೆಚ್ಚು ಹೇಳುವುದಕ್ಕೆ ಆಗಲಿಲ್ಲ. ಆ ಎರಡು ನಿಮಿಷದ ಕೆಲಸದಲ್ಲಿ ನಾನು ನನ್ನ ಅಕ್ಕನ ದನಿ ತೆಗೆದವಳು. ಅದನ್ನು ಅವಳಿಗೆ ಹೇಳುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಕಿಗ್ಗದ ಕಡೆಗೆ ಮದುವೆಯಾಗಿ ಹೋದವಳು. ದೊಡ್ಡವಳು ಅವಳಾದರೂ ದೊಡ್ಡಸ್ತಿಕೆ ಎಲ್ಲ ನನ್ನದು. ಚಿಕ್ಕಂದಿನಿಂದಲೂ ಹಾಗೆಯೇ. ಅವಳ ಮಂಡಿನೋವಿಗೆ ಯಾವ ಡಾಕ್ಟರು, ಅವಳ ಮನೆಯ ಅಡುಗೆಕೋಣೆಗೆ ಯಾವ ಟೈಲ್ಸು, ಮದುವೆಮನೆಗೆ ಯಾವ ಸೀರೆ, ಎಲ್ಲ ನಾನೇ ಹೇಳಬೇಕು. ಅವಳು ಏನಾದರೂ ಹೇಳುವುದಕ್ಕೆ ಶುರು ಮಾಡಿದರೆ ಉಳಿದ ಅರ್ಧ ವಾಕ್ಯವನ್ನು ನಾನು ಮುಗಿಸಿಬಿಡುತ್ತಿದ್ದೆ, ಅದೂ ನನಗೆ ಬೇಕಾದ ಹಾಗೆ. ಅವಳು, "ಆಯ್ತು ಕಣೆ, ನೀನು ಹೇಳ್ದಂಗೇ ಆಗ್ಲಿ," ಎಂದು ನಕ್ಕುಬಿಡುತ್ತಿದ್ದಳು. ಇದನ್ನು ನಾನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇತ್ತು, ಇಲ್ಲ ಅನ್ನುವುದಿಲ್ಲ.

ಹೋಂಸ್ಟೇ ಶುರು ಮಾಡಿದಾಗ ನಮ್ಮನೆಯವರು ಕೊಪ್ಪದಲ್ಲಿ ಒಂದು ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ, ಕಾಲು ಹಚ್ಚಿಸಿ, ಮೇಲೆ ಕಬ್ಬಿಣದ ಸರಳುಗಳ ಜಾಲರಿ ಮಾಡಿಸಿಕೊಂಡು ಬಂದರು. ಮೊದಲೆರಡು ವಾರ ನಾನು ಅದನ್ನು ಸಬೀನ ಪುಡಿ ಹಾಕಿ, ನಾರು ಹಾಕಿ ತಿಕ್ಕಿದೆ. ಕೈ ಬಿದ್ದುಹೋಯಿತು. ಮೂರನೆಯ ವಾರ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಂತಿ ಬ್ರಶ್ ತಂದೆ. ಗೇಟಿಗೆ ಪೇಂಟ್ ಹೊಡೆಯುವ ಮೊದಲು ತುಕ್ಕು ಕೆರೆಯುವುದಕ್ಕೆ ಬಳಸುತ್ತಾರಲ್ಲ, ಅದೇ. ಮರದ ಹಿಡಿ, ಸಾಲಾಗಿ ನೆಟ್ಟ ತಂತಿ ಎಳೆಗಳು. ಅಂಗಡಿಯವರು, "ಎಂತಕ್ಕೆ ಅಕ್ಕ, ಗೇಟಿಗಾ?" ಎಂದು ಕೇಳಿದರು. "ಹೌದು," ಎಂದೆ. ಜಾಲರಿಗೆ ಅಂದರೆ ಅವರು ಹತ್ತು ಪ್ರಶ್ನೆ ಕೇಳುತ್ತಾರೆ, ಯಾರಿಗೆ ಪುರಸೊತ್ತು ಎಂದು.

ಅದು ನಿಜವಾಗಿಯೂ ಎರಡು ನಿಮಿಷದ ಕೆಲಸವಾಯಿತು. ಗರಗರ ಎಂದು ನಾಲ್ಕು ಸಲ ಎಳೆದರೆ ಜಾಲರಿ ಬೆಳ್ಳಗೆ. ಒಂದೂವರೆ ವರ್ಷ ಅದೇ ಬ್ರಶ್ ನಡೆಯಿತು. ನಡುವೆ ಎಳೆಗಳು ಉದುರಿ ಅಲ್ಲಲ್ಲಿ ಮರ ಕಾಣುತ್ತಿತ್ತು. ನಾನು ಅದನ್ನು ನಮ್ಮನೆಯವರ ತಲೆಯ ಪಕ್ಕ ಹಿಡಿದು, "ನೋಡಿ, ನಿಮಗಿಂತ ಇದಕ್ಕೇ ಹೆಚ್ಚು ಕೂದಲಿದೆ," ಎಂದು ಗೆಸ್ಟುಗಳ ಎದುರಿಗೇ ರೇಗಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಉದುರಿದ ಎಳೆ ಎಲ್ಲಿಗೆ ಹೋಯಿತು ಎಂದು ನಗುವವರಲ್ಲಿ ಯಾರೂ ಕೇಳಲಿಲ್ಲ. ಅವರು ಕೇಳಬೇಕಾಗಿರಲಿಲ್ಲ, ನಾನು ಕೇಳಬೇಕಿತ್ತು.

ಹೋದ ವರ್ಷದ ಚಳಿಗಾಲ. ಒಂದು ಭಾನುವಾರ ಗೆಸ್ಟುಗಳು ತಿಂಡಿ ತಿಂದು ಬೇಗ ಹೊರಟುಹೋದರು. ಮಸಾಲೆ ಹಚ್ಚಿದ ಕೋಳಿ ಒಂದು ಡಬ್ಬಿ ಹಾಗೇ ಉಳಿದಿತ್ತು, ಮೂಳೆ ತೆಗೆದ ತುಂಡುಗಳು. ಅಕ್ಕನಿಗೂ ಭಾವನಿಗೂ ಫೋನ್ ಮಾಡಿ ಮಧ್ಯಾಹ್ನದ ಊಟಕ್ಕೆ ಬನ್ನಿ ಎಂದೆ. ನಮ್ಮನೆಯವರು ಕೊಪ್ಪಕ್ಕೆ ಹೋಗಿ ಬಂಗುಡೆ ಮೀನು ತಂದರು. ಗಂಟೆ ಹನ್ನೆರಡಾಗಿತ್ತು, ಅಕ್ಕ ಭಾವ ಗೇಟಿಗೆ ಬಂದಾಗ ನಾನಿನ್ನೂ ಹಿಂದಿನ ದಿನದ ಜಾಲರಿ ತೊಳೆದಿರಲಿಲ್ಲ. ಬ್ರಶ್ ತೆಗೆದುಕೊಂಡು ನಾಲ್ಕು ಸಲ ಎಳೆದೆ. ನೀರು ಹಾಕಲಿಲ್ಲ, ಒರೆಸಲಿಲ್ಲ. ಬೆಂಕಿ ಇದೆಯಲ್ಲ, ಎಲ್ಲ ಸುಟ್ಟುಹೋಗುತ್ತದೆ ಎಂದುಕೊಂಡೆ. ಬೆಂಕಿಗೆ ತಂತಿ ಸುಡುವುದಿಲ್ಲ.

ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ನಾಲ್ವರೂ ಕೂತೆವು. ಮೊದಲು ಮೀನು ಸುಟ್ಟೆವು, ಆಮೇಲೆ ಕೋಳಿ. ಅಕ್ಕ ಮೀನಿನ ಒಂದು ಬದಿ ಮಾತ್ರ ತಿಂದಿದ್ದಳು. ಕೋಳಿಯ ಎರಡನೆಯದೋ ಮೂರನೆಯದೋ ತುಂಡು ನುಂಗುವಾಗ ತಟ್ಟೆಯನ್ನು ಕೆಳಗಿಟ್ಟು ಗಂಟಲು ಹಿಡಿದುಕೊಂಡಳು.

"ಎಂತ ಆಯ್ತೆ?" ಎಂದೆ.

"ಎಂತದೋ ಚುಚ್ತು ಕಣೆ. ಇಲ್ಲಿ, ಬಲಗಡೆ."

"ಮೀನಿನ ಮುಳ್ಳು. ನಿಧಾನ ತಿನ್ನು ಅಂದ್ರೆ ಕೇಳ್ತೀಯಾ ನೀನು?"

"ಮುಳ್ಳಲ್ಲ. ಮೀನು ತಿಂದು ಆಗ್ಲೇ ಎಷ್ಟೊತ್ತಾಯ್ತು. ಇದು ಈಗ ಕೋಳಿ ನುಂಗುವಾಗ ಚುಚ್ಚಿದ್ದು."

"ಮೂಳೆ ತೆಗೆದ ಕೋಳೀಲಿ ಎಂತ ಚುಚ್ತದೆ ಮಾರಾಯ್ತಿ? ಆವಾಗಿನ ಬಂಗುಡೇದೇ. ಅಲ್ಲೇ ಕೂತಿತ್ತು, ಈಗ ಗೊತ್ತಾಯ್ತು ನಿಂಗೆ."

ಮೀನು ತಿನ್ನುವ ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೊಂದು ಮದ್ದಿದೆ. ಬರೀ ಅನ್ನವನ್ನು ಬಿಗಿಯಾಗಿ ಉಂಡೆ ಕಟ್ಟಿ ಅಗಿಯದೆ ನುಂಗಿಸುವುದು. ಅನ್ನದ ಜೊತೆ ಮುಳ್ಳು ಹೊಟ್ಟೆಗೆ ಇಳಿದುಹೋಗುತ್ತದೆ. ನಮ್ಮ ಅಮ್ಮ ನಮಗೆ ಮಾಡಿದ್ದಳು, ನಾನು ನನ್ನ ಮಕ್ಕಳಿಗೆ ಮಾಡಿದ್ದೆ. ಮುಳ್ಳು ಮೆತ್ತಗಿರುತ್ತದೆ, ಬಾಗುತ್ತದೆ, ಹೆಚ್ಚಿನ ಸಲ ಹೋಗಿಯೂ ಹೋಗುತ್ತದೆ. ನಾನು ಒಳಗೆ ಓಡಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿಕೊಂಡು ಬಂದೆ.

ಅಕ್ಕ ಕೈ ಅಡ್ಡ ಹಿಡಿದಳು. "ಬೇಡ ಕಣೆ. ಇದು ಮುಳ್ಳಲ್ಲ. ಮುಳ್ಳು ಸಿಕ್ಕಿದ್ದು ನಂಗೆ ಗೊತ್ತಾಗಲ್ವಾ? ಇದು ಬೇರೆ ನಮೂನೆ ಇದೆ."

"ಬಾಯಿ ತೆಗಿ."

ತೆಗೆದಳು. ಒಂದು ಉಂಡೆ ನುಂಗಿದಳು, ಕಣ್ಣಲ್ಲಿ ನೀರು ಬಂತು. ಹೋಗಲಿಲ್ಲ ಎಂದಳು. ಎರಡನೆಯದು ಕೊಟ್ಟೆ. ಮೂರನೆಯದನ್ನು ಇನ್ನೂ ದೊಡ್ಡದು ಮಾಡಿ ಕೊಟ್ಟೆ. ಅದನ್ನು ನುಂಗುವಾಗ ಅವಳು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಆಮೇಲೆ ಗಂಟಲು ಮುಟ್ಟಿ ನೋಡಿಕೊಂಡು, "ಕೆಳಗೆ ಹೋಯ್ತು ಕಾಣ್ತದೆ," ಎಂದಳು.

"ನೋಡ್ದ್ಯಾ? ನಾನು ಹೇಳಿಲ್ವಾ?" ಎಂದೆ. ಭಾವ ನಕ್ಕರು. ನಮ್ಮನೆಯವರು ಜಾಲರಿಯ ಮೇಲೆ ಉಳಿದ ಕೋಳಿಯನ್ನು ತಿರುವಿ ಹಾಕಿದರು. ನಾವು ಮೂವರೂ ಅದನ್ನು ತಿಂದೆವು, ನಮಗೆ ಏನೂ ಆಗಲಿಲ್ಲ.

ಸೋಮವಾರ ಫೋನಿನಲ್ಲಿ ಅವಳು, ನೋವು ಇನ್ನೂ ಇದೆ, ಈಗ ಸ್ವಲ್ಪ ಕೆಳಗೆ ಎಂದಳು. ಮುಳ್ಳು ಹೋದ ಜಾಗ ಗೀರಿರುತ್ತದೆ, ಉಪ್ಪುನೀರು ಮುಕ್ಕಳಿಸು ಎಂದೆ. ಮಂಗಳವಾರ ನಾನೇ ಕೊಪ್ಪಕ್ಕೆ ಬಾ ಎಂದು ಕರೆಸಿಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅದನ್ನು ಯಾರಾದರೂ ಕೇಳಿದರೆ ಒಳ್ಳೆಯ ತಂಗಿ ಅನ್ನುತ್ತಾರೆ. ಡಾಕ್ಟರು ಏನಾಯಿತಮ್ಮ ಎಂದು ಅವಳನ್ನು ಕೇಳಿದರು. ಅವಳು ಬಾಯಿ ತೆಗೆಯುವಷ್ಟರಲ್ಲಿ ನಾನು, "ಬಂಗುಡೆ ಮುಳ್ಳು ಸಿಕ್ಕಿತ್ತು ಡಾಕ್ಟ್ರೇ, ಹೋಗಿದೆ, ಗೀರಿದ್ದು ನೋವಿದೆ ಅಷ್ಟೇ," ಎಂದೆ. ಅಕ್ಕ ನನ್ನ ಕಡೆ ನೋಡಿದಳು. ಡಾಕ್ಟರು ಟಾರ್ಚ್ ಹಾಕಿ ನೋಡಿದರು. ಗಂಟಲು ಕೆಂಪಗಿದೆ, ಮುಳ್ಳೇನೂ ಕಾಣುತ್ತಿಲ್ಲ ಎಂದರು. ಮಾತ್ರೆ ಬರೆದು, ಜ್ವರ ಬಂದರೆ, ನುಂಗುವುದಕ್ಕೆ ಕಷ್ಟವಾದರೆ ತಕ್ಷಣ ಬನ್ನಿ ಎಂದರು. ಅವರದು ತಪ್ಪಿಲ್ಲ. ನಾನು ಹೇಳಿದ್ದನ್ನು ಅವರು ನಂಬಿದರು.

ಶುಕ್ರವಾರ ಜ್ವರ ಬಂತು. ಕತ್ತಿನ ಬಲಭಾಗ ಊದಿ ಅವಳಿಗೆ ಉಗುಳು ನುಂಗುವುದಕ್ಕೂ ಆಗದಂತಾಯಿತು. ಭಾವ ಕೊಪ್ಪದ ಆಸ್ಪತ್ರೆಗೆ ಕರೆತಂದರು, ನಾನು ಇಲ್ಲಿಂದ ಹೋದೆ. ಎಕ್ಸ್‌ರೇ ತೆಗೆದರು. ಫಿಲ್ಮನ್ನು ಬೆಳಕಿನ ಡಬ್ಬಿಯ ಮೇಲೆ ಸಿಕ್ಕಿಸಿದಾಗ, ಕತ್ತಿನ ಮೂಳೆಗಳ ಮುಂದೆ ಒಂದು ಸಣ್ಣ ಗೆರೆ ಕಂಡಿತು. ನೇರ, ಬಿಳಿ. "ಸೂಜಿ," ಎಂದರು ಭಾವ. "ಸೂಜಿಗಿಂತ ತೆಳು. ತಂತಿ," ಎಂದರು ಡಾಕ್ಟರು.

ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಅಂಥ ಎಳೆಗಳನ್ನು ಪ್ರತಿ ಭಾನುವಾರ ಕೈಯಲ್ಲಿ ಹಿಡಿದವಳು ನಾನು. ಎದೆ ಒಡೆಯಬೇಕಿತ್ತು, ಕೂಗಬೇಕಿತ್ತು. ಏನೂ ಆಗಲಿಲ್ಲ. ಬೆಳಗ್ಗೆ ಹೊರಡುವಾಗ ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಯೋಚನೆ ಬಂತು. ಅದನ್ನೇ ತುಂಬಾ ಹೊತ್ತು ಯೋಚಿಸಿದೆ. ಶಿವಮೊಗ್ಗಕ್ಕೆ ಕರೆದೊಯ್ಯುವ ಆಂಬ್ಯುಲೆನ್ಸಿನಲ್ಲಿ ತೀರ್ಥಹಳ್ಳಿ ದಾಟುವಾಗಲೂ ಗ್ಯಾಸಿನದೇ ಯೋಚನೆ.

ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿ, ಕತ್ತಿನ ಹೊರಗಿನಿಂದ ಕೊಯ್ದು, ಕೀವು ತೆಗೆದು, ತಂತಿ ತೆಗೆದರು. ನಾಲ್ಕು ತಾಸು ಹಿಡಿಯಿತು. ಸರ್ಜನ್ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನು ತಂದು ತೋರಿಸಿದರು. ಉಗುರಿನಷ್ಟು ಉದ್ದ. ಒಂದು ತುದಿ ಸ್ವಲ್ಪ ಬಾಗಿತ್ತು.

"ಜೀವಕ್ಕೆ ಅಪಾಯ ಇಲ್ಲ," ಎಂದರು. "ಆದರೆ ದನಿಪೆಟ್ಟಿಗೆಗೆ ಹೋಗುವ ನರದ ಪಕ್ಕದಲ್ಲೇ ಕೀವಾಗಿತ್ತು. ಬಲಗಡೆಯ ದನಿತಂತು ಅಲ್ಲಾಡ್ತಾ ಇಲ್ಲ. ದನಿ ವಾಪಸ್ ಬರಬಹುದು, ಬರದೆಯೂ ಇರಬಹುದು. ಆರು ತಿಂಗಳು ನೋಡೋಣ." ಆಮೇಲೆ, "ಮೊದಲನೇ ದಿನ ಅನ್ನ, ಬಾಳೆಹಣ್ಣು ಏನಾದ್ರೂ ನುಂಗಿಸಿದ್ರಾ?" ಎಂದು ಕೇಳಿದರು.

"ಒಂದೆರಡು ಉಂಡೆ," ಎಂದೆ.

"ನುಂಗಿಸಬಾರದು. ಅವತ್ತೇ ಬಂದಿದ್ರೆ ಇದು ಮೇಲೇ ಇರ್ತಿತ್ತು. ಬಾಯಿಂದಲೇ ತೆಗೀಬಹುದಿತ್ತು. ಉಂಡೆ ತಳ್ಳಿ ಗಂಟಲ ಗೋಡೆಯೊಳಗೆ ಹೋಗಿದೆ." ಅವರು ಬೈಯಲಿಲ್ಲ. ಇಂಥವರನ್ನು ಅವರು ದಿನಾ ನೋಡುತ್ತಿರಬೇಕು. ಹೋಗುವ ಮೊದಲು, "ಮನೇಲಿ ಪಾತ್ರೆ ತಿಕ್ಕುವ ಸ್ಟೀಲ್ ನಾರು ಇದೆಯಾ? ಅದರ ಚೂರು ಊಟದಲ್ಲಿ ಬರೋದುಂಟು," ಎಂದರು.

ಭಾವ ಆ ಮಾತನ್ನು ಹಿಡಿದುಕೊಂಡರು. ಅಕ್ಕ ಸ್ಟೀಲ್ ನಾರಿನಲ್ಲೇ ಪಾತ್ರೆ ತಿಕ್ಕುತ್ತಿದ್ದಳು. "ಎಷ್ಟು ಸಲ ಹೇಳಿದೀನಿ ಇವಳಿಗೆ, ಆ ನಾರು ಪುಡಿಪುಡಿ ಆಗ್ತದೆ, ಎಸಿ ಅಂತ," ಎಂದು ಅಲ್ಲೇ ಶುರು ಮಾಡಿದರು. ಸ್ಟೀಲ್ ನಾರಿನ ಎಳೆ ಸುರುಳಿಯಾಗಿರುತ್ತದೆ, ಡಬ್ಬಿಯಲ್ಲಿ ಇದ್ದದ್ದು ನೇರ. ಅಷ್ಟು ನೋಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ನಾನು ಇದ್ದೆ. ನಾನು ಸುಮ್ಮನಿದ್ದೆ.

ಮನೆಗೆ ಬಂದವಳು ಜಾಲರಿಯ ಕೆಳಗೆ ಬಿಳಿ ಬಟ್ಟೆ ಹಾಸಿ, ಜಾಲರಿಯನ್ನು ಚೆನ್ನಾಗಿ ಕುಟ್ಟಿ, ಬಟ್ಟೆಯ ಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಆಡಿಸಿದೆ. ಎರಡು ಎಳೆ ಸಿಕ್ಕಿದವು. ಮೂರನೆಯದು ವೆಲ್ಡಿಂಗ್ ಸಂದಿಯಲ್ಲಿ ಕೂತಿತ್ತು, ಚಿಮಟದಿಂದ ಎಳೆದೆ. ನಮ್ಮನೆಯವರು, "ಎಂತ ಹುಡುಕ್ತಿದೀಯ?" ಎಂದರು. "ಎಂತ ಇಲ್ಲ," ಎಂದೆ. ಬ್ರಶ್ಶನ್ನು ದಪ್ಪ ರಟ್ಟಿನಲ್ಲಿ ಸುತ್ತಿ, ಟೇಪ್ ಹಾಕಿ, ಕಸದ ಗಾಡಿಯವರಿಗೆ ಒಳಗೆ ತಂತಿ ಇದೆ, ಕೈ ಹಾಕಬೇಡಿ ಎಂದು ಹೇಳಿ ಕೊಟ್ಟೆ. ಆ ಗಾಡಿಯವರಿಗೆ ಹೇಳಿದಷ್ಟು ಸತ್ಯವನ್ನು ಆ ತಿಂಗಳು ನಾನು ಇನ್ನಾರಿಗೂ ಹೇಳಲಿಲ್ಲ.

ಇಲ್ಲ, ಹೇಳುವ ಪ್ರಯತ್ನ ಒಂದು ಮಾಡಿದೆ. ಗೆಸ್ಟುಗಳ ರಿಜಿಸ್ಟರ್ ತೆಗೆದು ಹಿಂದಿನ ಕೆಲವು ವಾರ ಬಂದವರಿಗೆಲ್ಲ ಫೋನ್ ಮಾಡಿದೆ. ಗಂಟಲು ನೋವು, ಹೊಟ್ಟೆ ನೋವು ಏನಾದರೂ ಬಂತಾ, ಬಂದಿದ್ದರೆ ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ಮಾಡಿಸಿ, ನಮ್ಮ ಜಾಲರಿಯ ಬ್ರಶ್ಶಿನಿಂದ ತಂತಿ ಉದುರಿರಬಹುದು ಎಂದು ಹೇಳಬೇಕೆಂದೇ ಡಯಲ್ ಮಾಡುತ್ತಿದ್ದೆ. ಬಾಯಿಗೆ ಬಂದದ್ದು, "ಎಲ್ಲ ಆರೋಗ್ಯವಾ? ಊಟ ಹೊಟ್ಟೆಗೆ ಹಿಡಿಸ್ತಾ?" ಎಂಬುದು. ಎಲ್ಲರೂ ಆರೋಗ್ಯವಾಗಿದ್ದರು. ಒಬ್ಬಾಕೆ, ರಿವ್ಯೂ ಹಾಕೋದು ಮರೆತಿದ್ದೆ ಆಂಟಿ ಎಂದು ಹೇಳಿ ಅದೇ ದಿನ ಆನ್‌ಲೈನಲ್ಲಿ ನಮಗೆ ಐದು ಸ್ಟಾರ್ ಕೊಟ್ಟಳು. ಅದು ಈಗಲೂ ಇದೆ.

ಅಕ್ಕ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಕಿಗ್ಗಕ್ಕೆ ಹೋದಳು. ದನಿ ಬರಲಿಲ್ಲ. ಮಾತಾಡಿದರೆ ಗಾಳಿ ಮಾತ್ರ ಬರುತ್ತಿತ್ತು, ಅದರಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ. ನೀರು ಕುಡಿದರೆ ಕೆಮ್ಮು. ಫೋನಿನಲ್ಲಿ ಅವಳ ಮಾತು ತಿಳಿಯುತ್ತಿರಲಿಲ್ಲವಾದ್ದರಿಂದ ಭಾವನೇ ಮಾತಾಡುತ್ತಿದ್ದರು. ನೋಡುವುದಕ್ಕೆ ಬಂದವರಿಗೆಲ್ಲ ಸ್ಟೀಲ್ ನಾರಿನ ಕಥೆ ಹೇಳುತ್ತಿದ್ದರು. ಬಂದವರು ಅಕ್ಕನಿಗೆ ಬುದ್ಧಿ ಹೇಳಿ ಹೋಗುತ್ತಿದ್ದರು. ನಾನು ಹೋದಾಗಲೂ ಇದನ್ನು ನೋಡಿದೆ. ಒಬ್ಬರು ಅವಳ ಎದುರಿಗೇ, "ಹೆಂಗಸರಿಗೆ ಎಷ್ಟು ಹೇಳಿದ್ರೂ ಅಷ್ಟೇ," ಎಂದರು. ಅಕ್ಕ ತಲೆ ಅಲ್ಲಾಡಿಸಿದಳು. ಹೌದು ಎಂದೋ ಅಲ್ಲ ಎಂದೋ ನಾನು ನೋಡಲಿಲ್ಲ, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ, ಹೆದರಿಕೆ ಎಂದು ಹೇಳಬಹುದು. ಆದರೆ ಹೆದರಿಕೆಯೂ ಇರಲಿಲ್ಲ. ಏನೂ ಇರಲಿಲ್ಲ. ಊಟ ಮಾಡುತ್ತಿದ್ದೆ, ನಿದ್ದೆ ಬರುತ್ತಿತ್ತು. ಗೆಸ್ಟುಗಳು ಬರುತ್ತಿದ್ದರು, ಜಾಲರಿ ಕೆಟ್ಟಿದೆ ಎಂದು ಹೇಳಿ ಕೋಳಿಯನ್ನು ಕಾವಲಿಯಲ್ಲಿ ಹುರಿದು ಕೊಡುತ್ತಿದ್ದೆ. ಸೂಜಿ ಹಾಕಿ ಹಲ್ಲು ತೆಗೆದ ಮೇಲೆ ತುಟಿ ಇರುತ್ತದಲ್ಲ, ಕಚ್ಚಿದರೂ ಗೊತ್ತಾಗದ ಹಾಗೆ, ನಾನು ಪೂರ್ತಿ ಹಾಗಿದ್ದೆ. ಹಾಗಿರುವಾಗ ಹೇಳಿದರೂ ಒಂದೇ ಹೇಳದಿದ್ದರೂ ಒಂದೇ ಅನ್ನಿಸುತ್ತದೆ. ಅಕ್ಕನಿಗೆ ಅದು ಒಂದೇ ಆಗಿರಲಿಲ್ಲ. ದನಿ ಹೋದದ್ದರ ಮೇಲೆ, ಮಾಡದ ತಪ್ಪನ್ನೂ ಅವಳೇ ಹೊತ್ತುಕೊಂಡು ಕೂತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಬುಧವಾರ ಬೆಳಗಿನ ಬಸ್ಸಿಗೆ ಹೋದೆ. ಕೊಪ್ಪದಲ್ಲಿ ಬಸ್ ಬದಲಿಸಿ, ಶೃಂಗೇರಿಯಲ್ಲಿ ಬದಲಿಸಿ, ಕಿಗ್ಗ ಮುಟ್ಟುವಾಗ ಹತ್ತೂವರೆ. ದಾರಿಯಲ್ಲಿ ಹೇಗೆ ಹೇಳುವುದು ಎಂದು ಏನೂ ಯೋಚಿಸಲಿಲ್ಲ. ಅಕ್ಕ ಜಗಲಿಯಲ್ಲಿ ಮೊರದ ತುಂಬ ಹುರುಳಿಕಾಳು ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಕತ್ತಿನ ಗಾಯದ ಗುರುತು ಸೆರಗಿನ ಅಂಚಿನಿಂದ ಮೇಲಕ್ಕೆ ಕಾಣುತ್ತಿತ್ತು. ಎದುರಿಗೆ ಕೂತು ನಾನೂ ಕಲ್ಲು ಆರಿಸಿದೆ. ಆರಿಸುತ್ತಲೇ ಹೇಳಿದೆ. ಬ್ರಶ್ ತಂದದ್ದು, ಎಳೆ ಉದುರುತ್ತಿದ್ದದ್ದು ಗೊತ್ತಿದ್ದೂ ಬಿಟ್ಟದ್ದು, ಆವತ್ತು ಜಾಲರಿ ಒರೆಸದೆ ಇದ್ದದ್ದು, ಆಮೇಲೆ ಮೂರು ಎಳೆ ಸಿಕ್ಕಿದ್ದು. ಎಕ್ಸ್‌ರೇ ನೋಡಿದ ದಿನದಿಂದಲೇ ಗೊತ್ತಿತ್ತು ಎಂದೂ ಹೇಳಿದೆ. ಕರೆಂಟ್ ಬಿಲ್ ಓದಿದ ಹಾಗೆ ಹೇಳಿದೆ. ಅಳು ಬರಬಹುದು ಎಂದು ಕಾದೆ, ಬರಲಿಲ್ಲ.

ಅಕ್ಕ ಕಾಳು ಆರಿಸುವುದನ್ನು ನಿಲ್ಲಿಸಿದಳು. ನಾನು ಹತ್ತಿರ ಸರಿದೆ, ಅವಳ ಮಾತು ತಿಳಿಯಬೇಕಾದರೆ ಮುಖದ ಹತ್ತಿರ ಹೋಗಬೇಕಿತ್ತು.

"ಬ್ರಶ್ಶಿಂದು ಬಿಡು," ಎಂದಳು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದಳು. "ಬೇಕಂತ ಮಾಡಿದ್ದಲ್ಲ. ಯಾರ್ ಕೈಲಾದ್ರೂ ಆಗ್ತದೆ."

ನಾನು ಮೊರದಿಂದ ಇನ್ನೊಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದೆ.

"ಮುಳ್ಳಲ್ಲ ಅಂತ ಹೇಳಿದ್ನಲ್ಲೇ. ಊಟಕ್ಕೆ ಕೂತಾಗ ಹೇಳ್ದೆ. ಉಂಡೆ ತಂದಾಗ ಹೇಳ್ದೆ. ಡಾಕ್ಟ್ರ ಹತ್ರ ಬಾಯಿ ತೆಗ್ದೆ, ನೀನು ಬಿಡ್ಲಿಲ್ಲ." ಕೆಮ್ಮು ಬಂತು, ನಿಲ್ಲುವವರೆಗೆ ಕಾದಳು. "ಆವಾಗ ನಂಗೆ ದನಿ ಇತ್ತು ಕಣೆ."

"ಅಕ್ಕ, ನಾನು ನಿನ್ನ ಒಳ್ಳೇದಕ್ಕೇ..."

"ಈಗ್ಲೂ ನೋಡು," ಎಂದಳು.

ನಾನು ಬಾಯಿ ಮುಚ್ಚಿದೆ. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿದೆ. ಅವಳು ಮೊರವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಹಿತ್ತಲ ಕಡೆ ಕೈ ತೋರಿಸಿ, "ಇವರಿಗೆ ನೀನೇ ಹೇಳು," ಎಂದಳು.

ಭಾವ ಹಿತ್ತಲ ನಲ್ಲಿಯ ಹತ್ತಿರ ಮಣೆ ಹಾಕಿಕೊಂಡು ಬೆಳಗಿನ ಪಾತ್ರೆ ತೊಳೆಯುತ್ತಿದ್ದರು. ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ಆ ಕೆಲಸ ಅವರೇ ಹಿಡಿದಿದ್ದರು, ತೆಂಗಿನ ನಾರಿನಲ್ಲಿ. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಇನ್ನೊಮ್ಮೆ ಎಲ್ಲವನ್ನೂ ಹೇಳಿದೆ. ಈ ಸಲ ಉಂಡೆ ಒಂದೆರಡಲ್ಲ, ಮೂರು ಎಂದೂ ಹೇಳಿದೆ. ಅವರು ಒಂದು ತಪ್ಪಲೆಯನ್ನು ತಿಕ್ಕುತ್ತ ಕೇಳಿದರು, ಮುಗಿದ ಮೇಲೂ ತಿಕ್ಕುತ್ತಲೇ ಇದ್ದರು. ಬೈಯುತ್ತಾರೆ ಎಂದು ಕೂತಿದ್ದೆ. ಬೈಯಲಿ ಎಂದೂ ಇತ್ತು.

"ಅವಳೂ ಹೇಳಿದ್ಲು," ಎಂದರು ಕೊನೆಗೆ. "ಆಪರೇಷನ್ ಆಗಿ ಎರಡನೇ ದಿನ ಚೀಟಿ ಬರೆದು ಕೊಟ್ಟಿದ್ಲು. ನಾರಿಂದಲ್ಲ, ಅವತ್ತು ಅಲ್ಲಿ ಕೋಳಿ ತಿನ್ನುವಾಗ ಚುಚ್ಚಿದ್ದು ಅಂತ. ನಾನು ಓದಿ ಜೇಬಿಗೆ ಹಾಕ್ಕಂಡೆ. ಡಾಕ್ಟ್ರು ಹೇಳಿದ ಮೇಲೆ ಇವಳದೆಂತದು ಅಂತ." ತಪ್ಪಲೆಗೆ ನೀರು ಹಿಡಿದರು, ತುಂಬಿ ಹೊರಗೆ ಹರಿಯಿತು. "ಎರಡು ತಿಂಗಳಿಂದ ಬಂದೋರಿಗೆಲ್ಲ ನಾರು ನಾರು ಅಂತ ಹೇಳಿದೀನಿ. ಅವಳೆದುರಿಗೇ."

ನಾವಿಬ್ಬರೂ ನೀರನ್ನು ನೋಡುತ್ತ ಕೂತೆವು. ಎಕ್ಸ್‌ರೇ ನೋಡಿದ ದಿನ ಬರಬೇಕಾಗಿದ್ದ ನಡುಕ ಆಗ ಬಂತು, ಮೊದಲು ಕೈಗೆ, ಆಮೇಲೆ ಗದ್ದಕ್ಕೆ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ.

ಆಗ ಒಳಗಿನಿಂದ ಅಕ್ಕ ಏನೋ ಹೇಳಿದಳು. ಕಾಫಿಗೆ ಕರೆದಳೋ, ಬೇರೇನೋ. ಬರೀ ಉಸಿರಿನ ಸದ್ದು, ಮಾತು ಹಿತ್ತಲವರೆಗೆ ಬರಲಿಲ್ಲ. ಭಾವ ಥಟ್ಟನೆ ನಲ್ಲಿ ನಿಲ್ಲಿಸಿದರು. ಇನ್ನೊಂದು ಸಲ ಹೇಳುತ್ತಾಳೆ ಎಂದು ಇಬ್ಬರೂ ಉಸಿರು ಬಿಡದೆ ಬಾಗಿಲ ಕಡೆ ನೋಡುತ್ತ ಕೂತೆವು.

ಅವಳು ಮತ್ತೆ ಹೇಳಲಿಲ್ಲ.